ಸೋದರಮಾವನ ನೀರಿನ ಪರೀಕ್ಷೆ

ನಾನು ಕೊಳ್ಳೇಗಾಲದ ಆರೋಗ್ಯ ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಊರಿನವರ ಕಣ್ಣಿಗೆ ಮಾತ್ರ ಅಣಕ ಮಾಡಿ ನಗಿಸುವವನು. ನಮ್ಮ ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಗದರುವುದನ್ನು ಮಾಡಿ ತೋರಿಸಿದರೆ ನೇಕಾರರ ಬೀದಿಯ ಮಗ್ಗಗಳೇ ನಿಲ್ಲುತ್ತಿದ್ದವು. ಅಣಕದಲ್ಲಿ ನನ್ನನ್ನೂ ನಾನು ಬಿಡುತ್ತಿರಲಿಲ್ಲ: ಸೂಜಿ ಕಂಡರೆ ರೋಗಿಗಿಂತ ಮೊದಲು ಕಣ್ಣು ಮುಚ್ಚುವ ಶೂರ.

ಆ ಬೀದಿಯಲ್ಲಿ ರೇಷ್ಮೆಗೆ ಬಣ್ಣ ಹಾಕುವವನು ನನ್ನ ಸೋದರಮಾವ. ಬಣ್ಣದ ನೀರೆಲ್ಲ ತೆರೆದ ಚರಂಡಿಗೆ; ಚರಂಡಿಯ ಪಕ್ಕದಲ್ಲೇ ಬೀದಿಗೆ ಕುಡಿಯುವ ನೀರಿನ ಬೋರ್‌ವೆಲ್. ಮಕ್ಕಳ ತುರಿಕೆಗೆ, ಹೊಟ್ಟೆನೋವಿಗೆ ಚೀಟಿ ಬರೆದು ಸಾಕಾದ ಡಾಕ್ಟರಮ್ಮ ನನ್ನ ಕೈಲೇ ಬೋರ್ ನೀರನ್ನು ಬಾಟಲಿಗೆ ತುಂಬಿಸಿ ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ಬೋರ್ ಮುಚ್ಚಿ, ಬೇರೆ ನೀರು ಕೊಡಿ, ಬಣ್ಣದ ನೀರು ಶುದ್ಧ ಮಾಡದೆ ಬಿಡಬೇಡಿ ಎಂದು ನಗರಸಭೆಗೆ ಅರ್ಜಿ ಬರೆದು, ಬೀದಿಯವರ ಸಹಿಗೆಂದು ನನ್ನನ್ನೂ ಎಳೆದುಕೊಂಡು ಬಂದರು.

ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಅನ್ನ ಕಿತ್ಕಳಕ್ ಬಂದ್ರಾ ಮೇಡಮ್ಮೋರೆ? ತಡೀರಿ, ನೀರ್ ಪರೀಕ್ಸೆ ನಾನ್ ಮಾಡ್ತೀನಿ."

ರೇಷ್ಮೆ ಜಾಲಿಸುವ ಮುಂಚೆ ಬಣ್ಣದವರು ಬಿಳಿ ನೂಲಿನ ಲಡಿಯೊಂದನ್ನು ನೀರಿಗೆ ಅದ್ದಿ ನೋಡುತ್ತಾರೆ. ಬಣ್ಣ ಹಿಡಿಯದಿದ್ದರೆ ನೀರು ಚೊಕ್ಕಟ. ಸೀರೆಗೆ ಆಗುವ ನೀರು ಹೊಟ್ಟೆಗೂ ಆದೀತೆಂದು ಬೀದಿಯ ನಂಬಿಕೆ. ಮಾವ ಬೋರಿನ ನಲ್ಲಿಯ ಕೆಳಗಿನ ಬಕೆಟ್‌ಗೆ ಲಡಿ ಅದ್ದಿ ಎತ್ತಿದ. ಮಲ್ಲಿಗೆಯಷ್ಟು ಬಿಳುಪು. ಶಿಳ್ಳೆ ಬಿತ್ತು.

"ಬಣ್ಣ ಇಲ್ದಿರೋ ವಿಷಾನೂ ಇರುತ್ತೆ. ನಿಮ್ಮ ಲಡಿಗೆ ಹೊಟ್ಟೆ ಇದೆಯಾ?" ಎಂದರು ಡಾಕ್ಟರಮ್ಮ.

"ಬಂಡಳ್ಳೀಲಿ ಔಷ್ದಿ ಅಂಗ್ಡಿಯೋರ್ ಮೇಲೆ ಜಗ್ಳ ಆಡ್ಬುಟ್ಟು ವರ್ಗ ಆಗ್ ಬಂದವ್ರೆ ಕಣ್ರಿ! ಇಲ್ಲೂ ಅದೇ ಕೆಲ್ಸ!" ಎಂದು ಹಿಂದಿನಿಂದ ಯಾರೋ ಕೂಗಿದರು. ಬೆಳೆಗೆ ಹೊಡೆಯುವ ವಿಷದ ಖಾಲಿ ಡಬ್ಬಿಗಳನ್ನು ಆ ಅಂಗಡಿಯವರು ನೀರು ಹೊರಲು ಮಾರುವುದನ್ನು ಡಾಕ್ಟರಮ್ಮ ತಮ್ಮ ಹಿಂದಿನ ಊರಾದ ಬಂಡಳ್ಳಿಯಲ್ಲಿ ತಡೆಯಲು ಹೋಗಿದ್ದರು.

ಮಾವ ನನ್ನ ಕಡೆ ತಿರುಗಿದ: "ಲೇ ಅಳಿಯ, ಇವ್ರಂಗ್ ಮಾತಾಡಿ ತೋರ್ಸ್ಲಾ! ಜನ ನಗ್ಲಿ."

ಚಪ್ಪಾಳೆ. ಡಾಕ್ಟರಮ್ಮ ಅರ್ಜಿ ಮಡಚುತ್ತಿದ್ದರು. ನನ್ನ ನಾಲಗೆ ತುರಿಸುತ್ತಿತ್ತು. ಆದರೆ ಹೊರಬಂದದ್ದು ನನ್ನ ಅತ್ತೆಯ, ಅಂದರೆ ಮಾವನ ಹೆಂಡತಿಯ ಮೂಗಿನ ದನಿ:

"ರೀ, ಕ್ಯಾನ್ ನೀರ ಇತ್ಲ್ ಬಾಗ್ಲಾಗ್ ತಕಂಡ್ ಬನ್ನಿ, ಬೀದಿಯೋರ್ ಕಂಡಾರು. ಬೋರ್ ನೀರು ಪಾತ್ರೆ ತೊಳ್ಯಕ್ ಮಡೀಕತೀನಿ."

ಅಭ್ಯಾಸಬಲದಿಂದ ಎಲ್ಲರೂ ನಕ್ಕರು. ನಗು ಅರ್ಧದಲ್ಲೇ ನಿಂತಿತು. ಮೈತುಂಬ ಗಂಧೆ ಎದ್ದ ಮಗುವನ್ನು ಎತ್ತಿಕೊಂಡಿದ್ದ ಹೆಂಗಸು ಕೇಳಿದಳು: "ನಿಮ್ಮನೇಗ್ ಕ್ಯಾನ್ ನೀರಾ ಅಣ್ಣ?"

ಮಾವ ಕೈಲಿದ್ದ ಲಡಿ ಹಿಂಡತೊಡಗಿದ. ಅವಳು ಡಾಕ್ಟರಮ್ಮನ ಕೈಯಿಂದ ಪೆನ್ನು ಕಿತ್ತುಕೊಂಡು ಅರ್ಜಿಗೆ ಸಹಿ ಹಾಕಿದಳು. ಅವಳ ಹಿಂದೆ ಮತ್ತಷ್ಟು ಹೆಂಗಸರು.

"ನನ್ ವಸ್ಲು ತುಳುದ್ರೆ ಕಾಲ್ ಮುರೀತೀನಿ ಕಣ್ಲಾ," ಎಂದು ಮಾವ ನನಗೆ ಹೇಳಿ ಒಳಗೆ ಹೋದ.

ನಗರಸಭೆಯವರು ಬೋರಿಗೆ ಬೀಗ ಹಾಕಿ ಟ್ಯಾಂಕರ್ ಕಳಿಸಿದರು. ಚರಂಡಿಯಲ್ಲಿ ಮಾತ್ರ ನೇರಳೆ, ಗುಲಾಬಿ ಹಾಗೇ ಹರಿಯುತ್ತಿವೆ. ಡಾಕ್ಟರಮ್ಮ ಎರಡನೇ ಅರ್ಜಿ ಬರೆದರು, ಈ ಸಲ ಮಾವನ ಬಣ್ಣದ ಮನೆಯ ಮೇಲೆಯೇ. ಮೊದಲ ಸಹಿ ನಾನೇ ಹಾಕಿದೆ. ಅಮ್ಮ ಎರಡು ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ, ಮಾವ ಅವಳ ತಮ್ಮನಲ್ಲವೇ.