ಚಪ್ಪಲಿ ಮೆಟ್ಟಿಕೊಂಡ ಮೇಲಿನ ಮಾತು

ನಾನು ನೇರ ಮಾತಿನ ಮನುಷ್ಯ. ಹಾಗಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಯಾರೂ ಹೇಳಿದ್ದು ಕೇಳಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ನನ್ನಿಂದಲೇ ಶುರು. ಕಳ್ಳಂಬೆಳ್ಳದ ಪಕ್ಕದ ಹಳ್ಳಿಯಿಂದ ಸಿರಾದ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗಿ, ರಜೆ ಬಂದಾಗ ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು, ಬಿ.ಎ., ಬಿ.ಎಡ್. ಮುಗಿಸಿದವನು ನಾನು. ಇಷ್ಟು ಕಷ್ಟಪಟ್ಟು ಸಂಪಾದಿಸಿದ್ದನ್ನು ಬಚ್ಚಿಡುವುದು ಯಾಕೆ ಎಂದು ಬಾಗಿಲ ಮೇಲೆ ಬೋರ್ಡು ಬರೆಸಿ ಹಾಕಿದ್ದೇನೆ. ನಮ್ಮವ್ವ ಹಬ್ಬಕ್ಕೊಮ್ಮೆ ಅದಕ್ಕೂ ಅರಿಶಿನ ಕುಂಕುಮ ಇಡುತ್ತಾಳೆ. ಹಚ್ಚಿ ಹಚ್ಚಿ ಈಗ ಬಿ.ಎ. ಪೂರ್ತಿ ಮುಚ್ಚಿಹೋಗಿ ಬಿ.ಎಡ್. ಮಾತ್ರ ಕಾಣುತ್ತದೆ.

ಇಂಥ ನನಗೆ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಶಾಲೆಯಲ್ಲಿ ಏಳನೇ ತರಗತಿಗೆ ಪ್ರಧಾನ ವಾಕ್ಯ, ಅಧೀನ ವಾಕ್ಯ ಕಲಿಸುವ ಕೆಲಸ ಬಂತು. ಇದರಲ್ಲೇನಿದೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ತನ್ನ ಕಾಲ ಮೇಲೆ ತಾನು ನಿಲ್ಲುವುದು ಪ್ರಧಾನ ವಾಕ್ಯ, ಅದರ ಹೆಗಲಿಗೆ ಒರಗಿಕೊಳ್ಳುವುದು ಅಧೀನ ವಾಕ್ಯ. ಬೋರ್ಡಿನ ಮೇಲೆ ಬರೆದೆ: ‘ಮಳೆ ಬಂದರೆ ನಾವು ಕಡಲೆಕಾಯಿ ಬಿತ್ತುತ್ತೇವೆ.’ ಇದರಲ್ಲಿ ಪ್ರಧಾನ ಯಾವುದು ಎಂದು ಕೇಳಿದೆ.

ಮುಂದಿನ ಸಾಲಿನ ರಂಗಸ್ವಾಮಿ ಎದ್ದು ನಿಂತ. “ಮಳೆ ಬಂದರೆ, ಸಾರ್.”

“ಅದು ಹೆಂಗೋ ಪ್ರಧಾನ ಆಗುತ್ತೆ?”

“ಬಿತ್ತೋದು ಇದ್ದೇ ಐತಲ್ಲ ಸಾರ್. ಮಳೆ ಬರೋದೇ ಮುಖ್ಯ.”

ಇಡೀ ತರಗತಿ ತಲೆಯಾಡಿಸಿತು. ಪಠ್ಯಪುಸ್ತಕ ಒಬ್ಬಂಟಿಯಾಯಿತು. ನಾನು ಸೋಲುವವನಲ್ಲ. ಬಿ.ಎಡ್.ನಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಎಂದು ಕಲಿಸಿದ್ದರಲ್ಲ, ಅದನ್ನು ಪ್ರಯೋಗಿಸಿದೆ. ಗೇಟಿನ ಹತ್ತಿರ ಹೋಗಿ ದಾರಿಹೋಕರಿಗೆ ಅರ್ಧ ವಾಕ್ಯ ಮಾತ್ರ ಹೇಳಬೇಕು. ಕೇಳಿದವರು ‘ಆಮೇಲೆ?’ ಅಂದರೆ ಅದು ಅಧೀನ ವಾಕ್ಯ. ರಂಗಸ್ವಾಮಿಯೇ ಓಡಿದ. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಯಜಮಾನರೊಬ್ಬರಿಗೆ “ಮಳೆ ಬಂದರೆ” ಎಂದು ಕೂಗಿದ. ಅವರು ನಿಂತು ಆಕಾಶ ನೋಡಿ, “ಹೂಂ ಕಣ್ಲಾ, ಬಂದ್ರೆ ತಾನೆ” ಎಂದು ಸಂಪೂರ್ಣ ತೃಪ್ತಿಯಿಂದ ಮುಂದೆ ಹೋದರು. ‘ಆಮೇಲೆ?’ ಎನ್ನುವ ಯೋಚನೆಯೇ ಅವರಿಗೆ ಬರಲಿಲ್ಲ. ನಮ್ಮ ಕಡೆ ಅದು ಪೂರ್ತಿ ವಾಕ್ಯ.

ಅವತ್ತೇ ಸ್ವಂತ ವಾಕ್ಯ ಮಾಡಿ ಎಂದಾಗ ಪವಿತ್ರ ಎಂಬ ಹುಡುಗಿ ಬೋರ್ಡಿನ ಹತ್ತಿರ ಬಂದು ದುಂಡು ಅಕ್ಷರದಲ್ಲಿ ಬರೆದಳು: ‘ನಮ್ಮಜ್ಜಿ ಒಪ್ಪಿದರೆ ನಾನು ಎಂಟನೇ ಕ್ಲಾಸಿಗೆ ಹೋಗುತ್ತೇನೆ.’ ಪ್ರಧಾನ ವಾಕ್ಯದ ಕೆಳಗೆ ಗೆರೆ ಎಳೆಯಮ್ಮ ಎಂದೆ. ಅವಳು ಅಜ್ಜಿಯ ಕೆಳಗೆ ಎಳೆದಳು. ನನ್ನ ಕೈಯಲ್ಲಿ ಡಸ್ಟರು ಇತ್ತು. ಅಳಿಸಲಿಕ್ಕಾಗಲಿಲ್ಲ.

ನಮ್ಮ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ದೊಡ್ಡೇರಿಗೆ ಬಸ್ಸಿನಲ್ಲಿ ಹೋಗಬೇಕು. ಹೆಣ್ಣುಮಗು ಬಸ್ಸಿನಲ್ಲಿ ಓಡಾಡುವುದು ಬೇಡ, ಮನೆಯಲ್ಲಿ ಹಸು ನೋಡಿಕೊಂಡಿರಲಿ ಎಂದು ಪವಿತ್ರಳ ಅಜ್ಜಿ ಕರಿಯಮ್ಮನ ಮನಸ್ಸು. ಅಪ್ಪ ಅಮ್ಮ ಇದ್ದಾರೆ, ಆದರೆ ಆ ಮನೆಯಲ್ಲಿ ಕ್ರಿಯಾಪದ ಅಜ್ಜಿಯದು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ ಅಲ್ಲಿಗೇ ನಿಂತುಹೋಗುವುದನ್ನು ನಾನು ನೋಡಿಕೊಂಡಿರಲಾರೆ. ನನ್ನ ಓದೂ ಹೀಗೆ ಎಷ್ಟೋ ಸಲ ‘ಆದರೆ’, ‘ಹೋದರೆ’ಗಳಲ್ಲಿ ಜೋತಾಡಿದ್ದು ನನಗೆ ಗೊತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇದೊಂದು ಅದ್ಭುತ ಸೌಕರ್ಯ. ‘ನಾನು ನಾಳೆ ನಿಮ್ಮ ಮನೆಗೆ ಊಟಕ್ಕೆ’ ಎನ್ನುವವರೆಗೆ ಹೇಳಿ, ಎದುರಿಗಿರುವವರ ಮುಖ ನೋಡಿ, ‘ಬರುತ್ತೇನೆ’ ಎಂದೋ ‘ಬರಲಿಕ್ಕಾಗುವುದಿಲ್ಲ’ ಎಂದೋ ಮುಗಿಸಬಹುದು. ಇಂಗ್ಲಿಷಿನವರಿಗೆ ಈ ಸುಖವಿಲ್ಲ. ಬರುತ್ತೇನೋ ಇಲ್ಲವೋ ಅನ್ನುವುದನ್ನು ಮೊದಲೇ ಒಪ್ಪಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ಮಧುಗಿರಿ, ಸಿರಾ ಸೀಮೆಯವರು ಈ ವ್ಯಾಕರಣವನ್ನು ವಾಕ್ಯದಿಂದ ಎತ್ತಿ ಬದುಕಿಗೇ ಹಾಕಿಕೊಂಡಿದ್ದಾರೆ. ಯಾರಾದರೂ ಮುಖ್ಯವಾದ ಕೆಲಸಕ್ಕೆ ಮನೆಗೆ ಬಂದರೆ ಆ ಕೆಲಸ ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಾರೆ. ಅಸಲು ವಿಷಯ ಬರುವುದು ಎದ್ದು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ. ನನ್ನ ಮದುವೆಯ ಮಾತೂ ಹಾಗೇ ಬಂದದ್ದು. ನಮ್ಮ ಸೋದರಮಾವ ಬೆಳಗಿನಿಂದ ಮಧ್ಯಾಹ್ನದವರೆಗೆ ಬೋರ್‌ವೆಲ್ ಮೋಟಾರು ಸುಟ್ಟ ಕಥೆ ಹೇಳಿ, ಉಂಡು, ಹೊರಡುವಾಗ ಒಂದು ಕಾಲು ಚಪ್ಪಲಿಯೊಳಗೆ ಇಟ್ಟು, “ಅಂದಂಗೆ ಅಕ್ಕ, ಹುಲಿಕುಂಟೆ ಕಡೆ ಒಂದು ಹೆಣ್ಣೈತೆ” ಅಂದ. ಎರಡನೇ ಕಾಲು ಚಪ್ಪಲಿಗೆ ಇಳಿಯುವಷ್ಟರಲ್ಲಿ ನಮ್ಮವ್ವ ಒಪ್ಪಿಯಾಗಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಓದಿದವನಲ್ಲವೇ. ನೇರವಾಗಿ ಹೋಗಿ ನೇರವಾಗಿ ಹೇಳುತ್ತೇನೆ ಎಂದು ಹೊರಟೆ. ಕರಿಯಮ್ಮಜ್ಜಿ ಜಗುಲಿಯಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಬಾರಪ್ಪ ಮೇಷ್ಟ್ರೆ, ಕುಂತ್ಕೊ” ಅಂದರು. ನಾನು ಕೂರಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ. ಮುಖ ಗಂಭೀರ ಮಾಡಿಕೊಂಡು, “ಅಜ್ಜಿ, ನಾನು ಒಂದು ಮುಖ್ಯವಾದ ವಿಷಯ ಹೇಳೋಕೆ ಬಂದಿದೀನಿ” ಅಂದೆ.

ನಮ್ಮ ಕಡೆ ಬಾಗಿಲಲ್ಲಿ ನಿಂತು, ಕೂರದೆ, ನೀರೂ ಕೇಳದೆ ನೇರವಾಗಿ ಹೇಳುವ ಸುದ್ದಿ ಒಂದೇ. ಸಾವಿನದು.

ಅಜ್ಜಿಯ ಕೈಯಲ್ಲಿದ್ದ ಹುಣಿಸೆಹಣ್ಣು ಕೆಳಗೆ ಬಿತ್ತು. ಅವರ ಮಗಳನ್ನು ನಮ್ಮ ಕಳ್ಳಂಬೆಳ್ಳದ ಕಡೆಗೇ ಕೊಟ್ಟಿದೆ. ಬೀಗರಿಗೆ ಮೈಗೆ ಹುಷಾರಿಲ್ಲವೆಂಬುದೂ ಊರಿಗೆಲ್ಲ ಗೊತ್ತು. “ಅಯ್ಯೋ, ನಮ್ಮ ಬೀಗ್ರು ಹೋಗ್ಬುಟ್ರಾ?” ಎಂದವರೇ ಎದೆ ಬಡಿದುಕೊಂಡು ಶುರುಮಾಡಿದರು. ಅಂಥಾ ದೇವರಂಥಾ ಮನುಷ್ಯ ಎಲ್ಲಿ ಸಿಗ್ತಾನೆ, ಒಂದು ದಿನ ನನ್ನ ಮಗಳನ್ನ ಗದರಲಿಲ್ಲವಲ್ಲ, ಬಂದಾಗಲೆಲ್ಲ ನನ್ನ ಸಾರು ಹೊಗಳ್ತಿದ್ದನಲ್ಲ ಎಂದು ರಾಗ ಎತ್ತಿದರು. ಅಕ್ಕಪಕ್ಕದ ಹೆಂಗಸರು ಓಡಿಬಂದರು. ಅಷ್ಟು ಜನರ ಅಳುವಿನ ನಡುವೆ, “ಅಂಗಲ್ಲ ಕಣಜ್ಜಿ, ನಾನು ಬಂದಿದ್ದು ಪವಿತ್ರನ ಹೈಸ್ಕೂಲಿನ ವಿಷಯಕ್ಕೆ” ಎಂದು ಕೂಗಿ ಹೇಳಬೇಕಾಯಿತು.

ಅಳು ನಿಂತಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಂಗಾರೆ ಆವಯ್ಯ ಇನ್ನೂ ಅವ್ನಾ?”

“ಗಟ್ಟಿಯಾಗವ್ರೆ. ಮೊನ್ನೆ ಟೀ ಅಂಗಡೀಲಿ ನೋಡ್ದೆ.”

“ಟೀ ಬೇರೆ ಕುಡೀತವ್ನಾ. ಹೋದ ಹಬ್ಬಕ್ಕೆ ನನ್ನ ಮಗಳನ್ನ ಕಳಿಸ್ಲಿಲ್ಲ ಆ ಮುಂಡೇಮಗ.” ಆಮೇಲೆ ನೆರೆದವರ ಕಡೆ ತಿರುಗಿ, “ಈಗ ನಾನಂದಿದ್ದು ಯಾರಾರ ಅವನ ಕಿವಿಗೆ ಹಾಕೀರ ಜೋಕೆ” ಅಂದರು.

ಅಷ್ಟಾದ ಮೇಲೆ ಹೈಸ್ಕೂಲಿನ ಮಾತು ಎಲ್ಲಿಂದ ಬರಬೇಕು. ಬದುಕಿರುವ ಬೀಗರನ್ನು ಹತ್ತು ಜನರೆದುರು ಹೊಗಳಿಸಿದ ಅಪರಾಧ ನನ್ನ ಮೇಲಿತ್ತು. ಜಗುಲಿಯ ಕಂಬದ ಹಿಂದೆ ನಿಂತಿದ್ದ ಪವಿತ್ರಳ ಮುಖವನ್ನೂ ನೋಡದೆ ವಾಪಸು ಬಂದೆ.

ನಮ್ಮ ಮುಖ್ಯೋಪಾಧ್ಯಾಯಿನಿ ಪಾವಗಡದವರು. ತೆಲುಗಿನಲ್ಲಿ ತಿದ್ದಿ ಕನ್ನಡದಲ್ಲಿ ಬುದ್ಧಿ ಹೇಳುವ ಅಭ್ಯಾಸ. ಎಲ್ಲ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, “ಅಟ್ಲ ಕಾದು ಸಾರ್” ಅಂದರು. ಹಾಗಲ್ಲ ಅಂತ. “ಹೋಗಿ ಕೂತ್ಕೊಳ್ಳಿ. ಹುಣಿಸೆ ಬಿಡಿಸಿ. ಬಾಯಿ ಮುಚ್ಕೊಂಡಿರಿ. ನಿಮ್ಮ ಬಿ.ಎಡ್. ಸ್ಟಾಫ್ ರೂಮಲ್ಲೇ ಇರ್ಲಿ.”

ಒಂದು ಭಾನುವಾರ ಹಾಗೇ ಮಾಡಿದೆ. ಮೊದಲು ಚಪ್ಪಲಿ ಬಿಟ್ಟೆ, ಅದೂ ಎಲ್ಲರಿಗೂ ಕಾಣುವ ಹಾಗೆ. ಕೂತೆ. ಹಸು ಕರು ಹಾಕಿದ್ದು, ಕರುವಿನ ಹಣೆಯ ಮೇಲಿನ ಬೊಟ್ಟು, ಯಾರದೋ ಮನೆಯ ರಾಗಿ ಮುದ್ದೆ ಗಂಟಾಗಿದ್ದು, ಬೀಗರ ಮೇಲಿನ ಹೊಸ ದೂರುಗಳು, ಎಲ್ಲ ಕೇಳಿದೆ. ಬೆರಳೆಲ್ಲ ಹುಣಿಸೆಯ ಅಂಟು. ಹೊತ್ತು ಮೇಲೇರಿದ ಮೇಲೆ ಎದ್ದೆ, ಹೊಸ್ತಿಲು ದಾಟಿದೆ, ಒಂದು ಕಾಲು ಚಪ್ಪಲಿಯೊಳಗೆ ಇಟ್ಟೆ.

“ಅಂದಂಗೆ ಅಜ್ಜಿ, ಪವಿತ್ರ ಚೆನ್ನಾಗಿ ಓದ್ತಾಳೆ. ದೊಡ್ಡೇರಿ ಐಸ್ಕೂಲಿಗೆ ನಿಮ್ಮೂರಿಂದ್ಲೇ ಬಸ್ಸೈತಂತೆ.”

ನೇರ ಮಾತಿನ ಮನುಷ್ಯ ‘ಅಂತೆ’ ಅಂದದ್ದನ್ನು ಗಮನಿಸಿ. ಆ ಬಸ್ಸಿನಲ್ಲಿ ನಾನು ದಿನಾ ಓಡಾಡುತ್ತೇನೆ.

ಅಜ್ಜಿ ಬೀಜವೊಂದನ್ನು ಪಕ್ಕಕ್ಕೆ ಎಸೆದರು. “ನೋಡಾನ. ಬಸ್ಸು ಹೊತ್ತಿಗೆ ಸರ್ಯಾಗಿ ಬಂದ್ರೆ. ಜೊತೆಗೊಂದು ಹುಡುಗಿ ಇದ್ರೆ. ಕರ ನೋಡ್ಕಳಕೆ ಯಾರಾರ ಸಿಕ್ರೆ.” ಅಷ್ಟೇ. ಪ್ರಧಾನ ವಾಕ್ಯ ಇಲ್ಲ. ಬರೀ ಅಧೀನ ವಾಕ್ಯಗಳನ್ನು ಹೆಗಲ ಮೇಲೆ ಹೇರಿಕೊಂಡು ಮನೆಗೆ ಬಂದೆ. ಬೇಸಿಗೆ ರಜೆಯಿಡೀ ಅವು ಒರಗಿಕೊಳ್ಳಲು ಜಾಗವಿಲ್ಲದೆ ನನ್ನ ತಲೆಯಲ್ಲಿ ನಿಂತೇ ಇದ್ದವು.

ಶಾಲೆ ಮತ್ತೆ ತೆರೆದ ವಾರದಲ್ಲಿ ಕರಿಯಮ್ಮಜ್ಜಿ ಮೊಮ್ಮಗಳ ಟಿ.ಸಿ. ತೆಗೆದುಕೊಳ್ಳಲು ಬಂದರು, ಹಿಂದೆ ಪವಿತ್ರ. ಟಿ.ಸಿ. ಹಿಡಿದು ಸುಮ್ಮನೆ ಮನೆಯ ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ, ಆದ್ದರಿಂದ ನನಗೆ ಧೈರ್ಯ ಬರಲಿಲ್ಲ. ಅಜ್ಜಿ ವರಾಂಡದಲ್ಲಿ ಕೂತು ಅಡುಗೆಯವಳ ಹತ್ತಿರ ಬೇಳೆಯ ಗುಣ ವಿಚಾರಿಸಿದರು. ಮುಖ್ಯೋಪಾಧ್ಯಾಯಿನಿಗೆ ಮೊಣಕಾಲು ನೋವಿನ ಎಣ್ಣೆ ಹೇಳಿಕೊಟ್ಟರು. ಬೀಗರು ಇನ್ನೂ ಬದುಕಿದ್ದಾರೆಂದು ನನ್ನ ಕಡೆ ನೋಡಿ ಹೇಳಿದರು. ಆಮೇಲೆ ಎದ್ದು, ವರಾಂಡದಿಂದ ಇಳಿದು, ಚಪ್ಪಲಿ ಹುಡುಕಿ ಕಾಲು ತೂರಿಸಿದರು.

“ಅಂದಂಗೆ ಮೇಷ್ಟ್ರೆ, ಆ ಐಸ್ಕೂಲಲ್ಲಿ ಹುಡುಗೀರಿಗೆ ಚೂಡಿದಾರ ಯಾವ ಬಣ್ಣ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪವಿತ್ರ “ನೀಲಿ” ಅಂದಳು. ಅವಳಿಗೆ ಎಂದೋ ಗೊತ್ತಿತ್ತು.

ಈಗ ಪವಿತ್ರ ಹತ್ತನೇ ತರಗತಿ. ಬೆಳಗ್ಗೆ ನಾನು ಇಳಿಯುವ ಬಸ್ಸಿಗೆ ಅವಳು ಹತ್ತುತ್ತಾಳೆ. ಮೊನ್ನೆ ಅವಳ ಅಜ್ಜಿ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. “ಏನ್ ಕಲಿಸ್ಬುಟ್ರಿ ಮೇಷ್ಟ್ರೆ ನನ್ನ ಮೊಮ್ಮಗಳಿಗೆ. ಹೊಸ್ತಿಲ ಮೇಲೆ ನಿಂತ್ಕಂಡು, ಬ್ಯಾಗೂ ಇಳಿಸ್ದೆ, ‘ಅಜ್ಜಿ, ನಾನು ಪಿಯುಸಿಗೆ ಮಧುಗಿರಿಗೆ ಹೋಯ್ತೀನಿ’ ಅಂತಾಳೆ. ಒಂದು ಬಂದ್ರೆ ಇಲ್ಲ, ಒಂದು ಹೋದ್ರೆ ಇಲ್ಲ. ನಂಗೆ ಎದೆ ಧಸಕ್ಕಂತು, ಯಾರೋ ಸತ್ರು ಅಂತ.”

“ನೀವೇನಂದ್ರಿ ಅಜ್ಜಿ?”

ಅಜ್ಜಿ ಹಸುವಿಗೆ ಹುಲ್ಲು ತರಬೇಕು ಅಂದರು. ಮೋಡ ಕಟ್ಟಿದೆ ಅಂದರು. ಸ್ವಲ್ಪ ದೂರ ಹೋದರು, ಚಪ್ಪಲಿಗೆ ಸಿಕ್ಕಿದ ಮುಳ್ಳು ಕೀಳಲು ನಿಂತರು, ಮತ್ತೆ ಮೆಟ್ಟಿಕೊಂಡರು. ನಾನೂ ನಿಂತೇ ಇದ್ದೆ. ಇಷ್ಟು ವರ್ಷ ಪಾಠ ಮಾಡಿ ಕಾಯುವುದೊಂದನ್ನಾದರೂ ಕಲಿತಿದ್ದೇನೆ.