ಕೇಳಿಸಬಾರದು, ಇರಬೇಕು

ನಾಗರಿಕತೆಯೆಲ್ಲ ನಿಂತಿರುವುದು ಯಾವುದನ್ನು ಗಟ್ಟಿಯಾಗಿ ಹೇಳಬೇಕು, ಯಾವುದನ್ನು ಮೆಲ್ಲಗೆ ಹೇಳಬೇಕು ಎಂಬ ವಿವೇಕದ ಮೇಲೆ. ಈ ದರ್ಶನ ನನಗಾದದ್ದು ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ಆಟೋದಲ್ಲಿ, ಬೆನ್ನಿಗೆ ಸ್ಪೀಕರ್ ಒತ್ತಿಕೊಂಡು, ತೊಡೆಯ ಮೇಲೆ ಪಕ್ಕದ ಹೆಂಗಸಿನ ಕುಂಬಳಕಾಯಿ ಇಟ್ಟುಕೊಂಡು ಕೂತಿದ್ದಾಗ. ಡ್ರೈವರು ತೆಲುಗು ಹಾಡೊಂದನ್ನು ಮುಗಿಸಿ ಮುಂದಿನದನ್ನು ಹಚ್ಚಿದ. ನನ್ನ ಬೆನ್ನೆಲುಬಿನೊಳಗಿಂದಲೇ ಎಂಬಂತೆ ನಮ್ಮ ಸೋದರತ್ತೆ ಗಂಗಮ್ಮ ಹಸೆಹಾಡು ಹಾಡತೊಡಗಿದಳು. ಎಷ್ಟೋ ದಿನದ ಹಿಂದೆ ಆರಿತೆಂದುಕೊಂಡಿದ್ದ ನನ್ನ ಸಿಟ್ಟು, ನೋಡಿ, ಆರಿರಲೇ ಇಲ್ಲ.

ಮೊದಲು ನಿಮಗೆ ಗಂಗತ್ತೆಯ ದನಿಯ ಪರಿಚಯವಾಗಬೇಕು. ಅದು ಸಿಹಿ ದನಿಯಲ್ಲ. ಒರಳಲ್ಲಿ ಗಟ್ಟಿ ಚಟ್ನಿ ತಿರುವುವಾಗ ಹೊರಡುವಂಥ ದಪ್ಪ ದನಿ. ಮದುವೆಯಲ್ಲಿ ಗಂಡು ಹೆಣ್ಣನ್ನು ಹಸೆಯ ಮೇಲೆ ಕೂರಿಸಿ ಆಕೆ ಪದ ಎತ್ತಿಕೊಂಡರೆ ಆಚೆ ಓಣಿಯ ನಾಯಿಯೂ ಎದ್ದು ಕೂರುತ್ತಿತ್ತು. ನಮ್ಮ ಮನೆತನದ ಪದ್ಧತಿಯಂತೆ ಕೊನೆಯ ನುಡಿಯಲ್ಲಿ, ಹಾಡಿದಾಕೆ ತನ್ನ ಗಂಡನ ಹೆಸರು ಸೇರಿಸಿ ಹೊಸ ಜೋಡಿಯನ್ನು ಹರಸಬೇಕು. ತೊಂದರೆಯೆಂದರೆ ಗಂಗತ್ತೆ ಗಂಡನ ಹೆಸರು ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ "ಶ್ರೀಶೈಲದಾಗ ಇರೋ ದೇವ್ರು" ಎನ್ನುತ್ತಿದ್ದಳು. ಅಂಗಡಿಯವನು "ಮಲ್ಲಿಕಾರ್ಜುನ ಏನಮ್ಮಾ?" ಎಂದರೆ "ಹ್ಞೂಂ, ಅವ್ರ" ಎಂದು ಅಕ್ಕಿ ಮೂಟೆಯ ಕಡೆ ನೋಡುತ್ತಿದ್ದಳು. ಹೇಳಲೇಬೇಕು, ಹೇಳಲೂಬಾರದು. ಈ ಧರ್ಮಸಂಕಟಕ್ಕೆ ಆಕೆಯೇ ದಾರಿ ಕಂಡುಕೊಂಡಿದ್ದಳು. ಓಣಿ ದಾಟುವ ದನಿ ಆ ಹೆಸರಿನ ಹತ್ತಿರ ಬರುತ್ತಲೇ ಬರೀ ಉಸಿರಾಗುತ್ತಿತ್ತು. ಅಷ್ಟರಲ್ಲಿ ತನ್ನ ಕೈಬಳೆ ಝಣಝಣ ಆಡಿಸಿಬಿಡುತ್ತಿದ್ದಳು. ಹೆಸರು ಬಂತೆಂದು ಎಲ್ಲರಿಗೂ ಗೊತ್ತು, ಕಿವಿಯಾರೆ ಕೇಳಿದವರು ಒಬ್ಬರೂ ಇಲ್ಲ.

ಮೊಮ್ಮಗಳ ಮದುವೆ ಗೊತ್ತಾದಾಗ ಅತ್ತೆಗೆ ಕೆಮ್ಮು. ಆ ದಿನ ಗಂಟಲು ಕೈಕೊಟ್ಟರೆ ಇರಲೆಂದು ಹಾಡನ್ನು ಮೊದಲೇ ರೆಕಾರ್ಡ್ ಮಾಡಿಸುವುದೆಂದಾಯಿತು. ನನ್ನ ತಂಗಿಯ ಮಗ ವೀರೇಶನದು, ಜೀನ್ಸ್ ಹೊಲಿಯುವ ಶೆಡ್ಡಿನ ಮೇಲೊಂದು ಸ್ಟುಡಿಯೋ. ಸದ್ದು ಹೀರಲೆಂದು ಗೋಡೆಗೆಲ್ಲ ಜೀನ್ಸ್ ತುಂಡುಗಳನ್ನು ಬಡಿದಿದ್ದಾನೆ. ಕೆಳಗಿನ ಮಿಷನ್ನುಗಳು ಊಟಕ್ಕೆ ನಿಂತ ಹೊತ್ತು ನೋಡಿ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದ.

"ಅಜ್ಜಿ, ಬಳಿ ಸದ್ದು ಬರ್ತೈತಿ. ತೆಗದು ಇಡ್ರಿ."

"ಗಂಡ ಗಟ್ಟಿಮುಟ್ಟಾಗಿ ಮನ್ಯಾಗ ಕುಂತಿರುವಾಗ ಬಳಿ ತೆಗಿ ಅಂತೀಯಲ್ಲೋ, ನಿನ್ನ ಬಾಯಾಗ ಮಣ್ಣ ಹಾಕ."

ಕೊನೆಗೆ ಮುಂಗೈಗೆ ಜೀನ್ಸ್ ತುಂಡು ಸುತ್ತಿ ಬಳೆಗಳ ಬಾಯಿ ಕಟ್ಟಲಾಯಿತು. ಅತ್ತೆ ಕೈ ಮುರಿದವಳಂತೆ ಕೂತು ಹಾಡಿದಳು, ಕೆಮ್ಮಲಿಲ್ಲ.

ಆಮೇಲೆ ಶುರುವಾಯಿತು ವೀರೇಶನ ಶಸ್ತ್ರಚಿಕಿತ್ಸೆ. ಈಕ್ಯೂ ಎಂಬುದು ದನಿಯ ದಪ್ಪವನ್ನೋ ತೆಳುವನ್ನೋ ಬೇಕಾದಷ್ಟು ಕೂಡಿಸುವ, ಕಳೆಯುವ ಸಾಧನ. ಕಂಪ್ರೆಸರ್ ಎಂಬುದು ಗಟ್ಟಿಯಾಗಿ ಬಂದದ್ದನ್ನು ಅದುಮುತ್ತದೆ; ಅದುಮಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಿದರೆ ಪಿಸುಮಾತು ಕೂಗಿನ ಪಕ್ಕದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತದೆ. ಅವನು ಮೊದಲು ಕೈಹಾಕಿದ್ದು ಅತ್ತೆಯ ದಪ್ಪಕ್ಕೆ. ಅದನ್ನು ತೆಗೆದರೆ ಉಳಿಯುವುದೇನು ಎಂದು ನಾನು ಕೇಳಿದೆ.

"ಫೋನಿನ್ಯಾಗ ದಪ್ಪ ಕೇಳಂಗಿಲ್ಲ ಮಾಮ. ಮದಿವಿ ಗದ್ಲದಾಗ ಎಲ್ಲಾ ಒಂದ ಲೆವೆಲ್ ಇರ್ಬೇಕ್ರಿ. ಇಲ್ಲಾಂದ್ರ ಒಂದು ಕೇಳ್ತೈತಿ, ಒಂದು ಕೇಳಂಗಿಲ್ಲ."

ಒಂದು ಕೇಳಬೇಕು, ಒಂದು ಕೇಳಬಾರದು ಎಂದು ಹಾಡಿದವಳೇ ತೀರ್ಮಾನಿಸಿರಬಹುದೆಂಬುದು ಅವನ ಶಾಸ್ತ್ರದಲ್ಲಿ ಇರಲಿಲ್ಲ. ಪರದೆಯ ಮೇಲೆ ಅವನಿಗೆ ಗೆರೆ ಕಾಣುತ್ತದೆ. ಒಂದು ಕಡೆ ಗೆರೆ ಸಣ್ಣಗಾಗಿತ್ತು, ಪಾಪ ಎಂದು ದಪ್ಪ ಮಾಡಿದ.

ಮದುವೆಯ ದಿನ ಕೆಮ್ಮು ಮಾತಿಗೆ ತಪ್ಪದೆ ಬಂತು, ಹಾಡನ್ನು ಆಳೆತ್ತರದ ಎರಡು ಸ್ಪೀಕರುಗಳಲ್ಲಿ ಹಚ್ಚಿದರು. ಅತ್ತೆ ಅಕ್ಷತೆಯ ತಟ್ಟೆ ಹಿಡಿದು, ಯಾರೋ ತೆಳ್ಳಗಿನ ಹೆಂಗಸು ತನ್ನ ಪದ ಹಾಡುತ್ತಿದ್ದಾಳೆ ಎಂಬ ಮುಖ ಮಾಡಿಕೊಂಡು ನಿಂತಿದ್ದಳು. ಕೊನೆಯ ನುಡಿ ಬಂತು. "ಮಲ್ಲಿಕಾರ್ಜುನ" ಎಂಬ ಹೆಸರು ಉಸಿರು, ಉಗುಳು ನುಂಗಿದ ಸದ್ದು, ನಾಚಿಕೆ ಎಲ್ಲದರ ಸಮೇತ ಕಲ್ಯಾಣಮಂಟಪದ ಮೂಲೆಮೂಲೆಗೂ ಹೊಡೆಯಿತು. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬಂದರು.

ಮಡಕಶಿರಾದಿಂದ ಬಂದಿದ್ದ ಗಂಡಿನ ಕಡೆಯ ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡಳು. "ಏನಮ್ಮೋ, ಯಜಮಾನ್ರನ್ನ ಇಷ್ಟು ಜೋರಾಗಿ ಕರ್ದ್ರೆ ನಮ್ಮೂರಿಗೂ ಕೇಳುಸ್ತದೆ ಬಿಡಿ."

ಅತ್ತೆ ತಟ್ಟೆ ಕೆಳಗಿಟ್ಟಳು. "ನಾ ಹಂಗ ಅಂದಿಲ್ಲ."

"ನಾ ಏನೂ ಸೇರ್ಸಿಲ್ಲ ಅಜ್ಜಿ. ನೀವ ಅಂದದ್ದು ಅದು" ಎಂದ ವೀರೇಶ.

ಮುಚ್ಚಿದ ಬಾಗಿಲನ್ನು ಊರೆದುರು ಹಾರುಹೊಡೆದು, ಒಳಗಿದ್ದವರನ್ನು ನಾನೇನು ತಂದಿಟ್ಟೆನೇ ಎಂದು ಕೇಳಿದಂತಾಯಿತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಮೈ ಉರಿದದ್ದೇ ಅದಕ್ಕೆ. ಮೊದಲ ಸಾಲಿನ ಕುರ್ಚಿಯಲ್ಲಿದ್ದ ಅತ್ತೆಯ ಗಂಡ, ನಮ್ಮ ಮಾವ ಮಾತ್ರ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿ, ಸ್ಪೀಕರಿನ ಕಡೆ ತಿರುಗಿ ಹೇಳಿದರು:

"ವೀರೇಶಾ, ಇನ್ನೊಮ್ಮಿ ಹಚ್ಚಪಾ."

ಅತ್ತೆ ಅಡುಗೆಮನೆ ಸೇರಿದವಳು ಊಟದವರೆಗೂ ಹೊರಬರಲಿಲ್ಲ. ಆಮೇಲೆ ಯಾರ ಮದುವೆಗೂ ಹಾಡಲಿಲ್ಲ. ರೆಕಾರ್ಡಾದ ಹಾಡು ಮಾತ್ರ ಫೋನಿನಿಂದ ಫೋನಿಗೆ ಹಾರಿ ಊರೆಲ್ಲ ಹಬ್ಬಿತ್ತು. ಕರೆಯಲು ಬಂದವರಿಗೆ "ಆ ಸ್ಪೀಕರ್ ಹಾಡ್ತೈತಲ್ರಿ, ನಾ ಯಾಕ" ಎನ್ನುತ್ತಿದ್ದಳು. ಆ ರೆಕಾರ್ಡಿನಲ್ಲಿ ಗಂಡನ ಹೆಸರಿನ ಸದ್ದು ಇಳಿಯದೆ ತಾನು ಬಾಯಿ ತೆರೆಯುವುದಿಲ್ಲವೆಂಬುದು ಅದರ ಅರ್ಥ. ಕೆಲವು ತಿಂಗಳು ಕಳೆದ ಮೇಲೆ ನಾನೇ ಆಕೆಯನ್ನು ಸ್ಟುಡಿಯೋದ ಮೆಟ್ಟಿಲು ಹತ್ತಿಸಿದೆ. ವೀರೇಶನಿಗೆ ಬೈಯಲು ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅತ್ತೆ ಅವನ ಕುರ್ಚಿಯಲ್ಲೇ ಕೂತಳು.

"ಮೊದಲು ನನ್ನ ದನಿ ನನಗ ಕೊಡು."

ದಪ್ಪ ವಾಪಸಾಯಿತು. ಕಂಪ್ರೆಸರ್ ಆರಿತು. ಕೊನೆಯ ನುಡಿಗೆ ಬಂದರು.

"ಇಳ್ಸು."

"ಸಾಕಾ ಅಜ್ಜಿ?"

"ಇನ್ನಾ."

"ಇನ್ನಾ ಇಳ್ಸಿದ್ರ ಕೇಳಂಗಿಲ್ಲ. ಪೂರ್ತಿ ಕತ್ತರಿಸಿಬಿಡ್ಲೇನು?"

"ಕತ್ತರಿಸ್ತೀಯಾ? ಅವ್ರು ಇನ್ನಾ ಬದುಕ್ಯಾರಪ್ಪ. ಕೇಳಿಸಬಾರ್ದು, ಆದ್ರ ಇರಬೇಕು."

ವೀರೇಶ ಇಳಿಸಿದ. ಊರಿಗೆಲ್ಲ ಆ ಹೊಸದನ್ನೇ ಹಂಚಿದೆವು. ಹಳೆಯದನ್ನು ಅಳಿಸಿರೆಂದು ಫೋನು ಫೋನು ಹಿಡಿದು ನಾನೇ ಹೇಳಿದೆ.

ಆಟೋದಲ್ಲಿ ಕೊನೆಯ ನುಡಿ ಹತ್ತಿರ ಬಂತು. ಯಾವುದನ್ನು ಹಚ್ಚಿದ್ದಾನೋ ಎಂದು ಕುಂಬಳಕಾಯಿಯನ್ನು ಅವಚಿ ಹಿಡಿದೆ. ದನಿ ಇಳಿಯಿತು, ಉಸಿರಾಯಿತು, ಇಂಜಿನ್ನಿನ ಸದ್ದಿನಲ್ಲಿ ಸೇರಿಹೋಯಿತು. ಕುಂಬಳಕಾಯಿಯ ಒಡತಿ ಕಿವಿ ಮುಂದೆ ಚಾಚಿದಳು.

"ಏನಂದಳ್ರಿ ಆಕಿ?"

"ಗಂಡನ ಹೆಸರ್ರಿ."

"ಕೇಳ್ಲೇ ಇಲ್ಲಲ್ರಿ."

"ಇಲ್ರಿ."

ಆಕೆ ಸರಿಯಾಗಿಯೇ ಇದೆ ಎಂಬಂತೆ ತಲೆದೂಗಿ ಸೆರಗು ಹೊದ್ದುಕೊಂಡಳು. ನನ್ನ ಸಿಟ್ಟಿಗೆ ಹಿಡಿದುಕೊಳ್ಳಲು ಕುಂಬಳಕಾಯಿ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಗಂಗತ್ತೆ ಈಗ ಮದುವೆಗಳಲ್ಲಿ ಮತ್ತೆ ಹಾಡುತ್ತಾಳೆ. ಮಾವನ ಫೋನಿನಲ್ಲಿ ಹಳೆಯ ಹಾಡೇ ಇದೆ.