ಒಂದೇ ಉಳಿದಿದ್ದ ಒರಿಜಿನಲ್

“ಒರಿಜಿನಲ್ ಒಂದೇ ಇತ್ತು ವಹಿನಿ, ಇವರು ತಗೊಂಡ್ರು” ಎಂದು ಮುಂಬಯಿ ಪಕ್ಕದ ಠಾಣೆ ಊರಿನ ಬಿಡಿಭಾಗದ ಅಂಗಡಿಯವನು ಮರಾಠಿಯಲ್ಲಿ ಹೇಳಿ, ಪಕ್ಕದಲ್ಲಿದ್ದ ಟ್ಯಾಕ್ಸಿ ಡ್ರೈವರನನ್ನು ತೋರಿಸಿದ. ನಮ್ಮ ಹಳೆಯ ಫಿಯೆಟ್ಟಿನ ಬ್ರೇಕಿನ ರಬ್ಬರ್ ಹೋಗಿತ್ತು. ಮರುದಿನ ಅದರಲ್ಲೇ ನಾದಿನಿಯನ್ನು ಹೆರಿಗೆಗೆಂದು ಘಾಟಿ ದಾಟಿಸಿ ಊರಿಗೆ ಕರೆದೊಯ್ಯಬೇಕಿತ್ತು.

“ಡೂಪ್ಲಿಕೇಟೇ ಹಾಕಿಸುವ ಮಾರಾಯ್ತಿ, ದೇವರಿದ್ದಾನೆ” ಎಂದರು ನಮ್ಮವರು.

“ದೇವರಿದ್ದಾನೆ ಅಂತ ಬಸುರಿಯನ್ನು ಕೂರಿಸಿಕೊಂಡು ಅವನನ್ನು ಪರೀಕ್ಷೆ ಮಾಡುವುದುಂಟಾ?” ಎಂದೆ.

ನಮ್ಮ ಕನ್ನಡ ಕೇಳಿ ಡ್ರೈವರ್ ನಕ್ಕ. ಬಿಜಾಪುರದ ಕಡೆಯವನಂತೆ, ಅವನ ಟ್ಯಾಕ್ಸಿಯೂ ಫಿಯೆಟ್ಟೇ. ಕೈಯಲ್ಲಿದ್ದ ಪೊಟ್ಟಣವನ್ನು ನನ್ನತ್ತ ಚಾಚಿದ.

“ತಗೋರಿ ಅಕ್ಕಾರ, ದೇವರಿಗೆ ಪರೀಕ್ಷಾ ಬ್ಯಾಡ. ಹೊಸ ಮಾಲು ಬರೋತನಕ ನನ್ನ ಗಾಡಿ ಸ್ಟ್ಯಾಂಡಿನ್ಯಾಗ ನಿದ್ದಿ ಮಾಡ್ಲಿ.”

ಘಾಟಿಯ ಇಳಿಜಾರಿನಲ್ಲೂ ಗಾಡಿ ಹೇಳಿದಲ್ಲಿ ನಿಂತಿತು. ನಾದಿನಿಯ ಹೆರಿಗೆಯೂ ಸುಸೂತ್ರವಾಯಿತು. ಹೊರಡುವ ಗಡಿಬಿಡಿಯಲ್ಲಿ ಆ ಪುಣ್ಯಾತ್ಮನ ಹೆಸರು ಕೇಳಿರಲಿಲ್ಲ. ಈಗಲೂ ಆಯುಧಪೂಜೆಯ ದಿನ ನಮ್ಮ ಗಾಡಿಗೆ ಹೂವಿಟ್ಟ ಮೇಲೆ ಬೀದಿಗೆ ಹೋಗಿ, ಮೊದಲು ಕಂಡ ಟ್ಯಾಕ್ಸಿಗೂ ಒಂದು ದಾಸವಾಳ ಸಿಕ್ಕಿಸಿ ಬರುತ್ತೇನೆ.